ಹೊಳೆಗಳ ಪರವಾಗಿ ನಿಂತ ಕಾರಂತರು

ಡಾ. ಕೆ. ಶಿವರಾಮ ಕಾರಂತರ ಹೆಸರನ್ನು ನಾವು ಕೇಳುವುದು ಹೆಚ್ಚಾಗಿ ಕಾದಂಬರಿಯ ಪಾಠದಲ್ಲಿ. ಬಾಳಿನ ಸಂಜೆಯಲ್ಲಿ ಅವರು ಹೊಳೆಗಳಿಗಾಗಿ ಪಟ್ಟ ಶ್ರಮ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಪುಟ್ಟ ಲೇಖನದ ಉದ್ದೇಶ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿಗೆ ಉತ್ತರದ ಕೋಟದಲ್ಲಿ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವ್ಯಾಸಂಗವನ್ನು ತೊರೆದರು. ಮುಂದೆ ಯಕ್ಷಗಾನ, ಶಿಕ್ಷಣ, ವಿಜ್ಞಾನ, ಕಾದಂಬರಿ ಎಂದು ಅವರು ಕೈಯಾಡಿಸದ ಕ್ಷೇತ್ರವಿಲ್ಲ. 1977ರ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು.

1943ರ ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಘಟ್ಟದ ಕಾಡಿನಲ್ಲಿ ತೋಟ ಎಬ್ಬಿಸಿದವರು. ಅವರನ್ನು ಕಾರಂತರು ಅಕ್ಕರೆಯಿಂದಲೇ ಚಿತ್ರಿಸಿದ್ದಾರೆ. ಆದುದರಿಂದ ಮನುಷ್ಯನು ಕಾಡನ್ನು ಮುಟ್ಟಲೇಕೂಡದೆಂಬ ಹಟ ಅವರದಲ್ಲವೆಂದು ನನಗೆ ತೋರುತ್ತದೆ. ಒಂದು ಸಂಸಾರ ಬೆವರು ಸುರಿಸಿ ಮಾಡುವ ತೋಟ ಬೇರೆ. ಕಣಿವೆಯನ್ನೇ ಮುಳುಗಿಸುವ ಅಣೆಕಟ್ಟು ಬೇರೆ.

ಉತ್ತರ ಕನ್ನಡದ ಬೇಡ್ತಿ ಹೊಳೆ ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲನ್ನು ಸೇರುತ್ತದೆ. ಅದಕ್ಕೆ ಕಟ್ಟೆ ಕಟ್ಟಿ ವಿದ್ಯುತ್ತು ಪಡೆಯುವ ಯೋಜನೆ ಬಂದಾಗ ಕಾಡೂ ಅಡಕೆ ತೋಟಗಳೂ ನೀರುಪಾಲಾಗುವ ಭಯ ಹುಟ್ಟಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರಗೋಷ್ಠಿ ಸೇರಿತು. ಬೆಳೆಗಾರರೂ ವಿಜ್ಞಾನಿಗಳೂ ಕೂಡಿ, ಬರುವ ವಿದ್ಯುತ್ತಿನ ಲಾಭವನ್ನು ಮುಳುಗುವ ನೆಲದ ನಷ್ಟದೊಡನೆ ತೂಗಿ ನೋಡಿದರು. ಎಂಬತ್ತರ ಹೊಸ್ತಿಲಲ್ಲಿದ್ದ ಕಾರಂತರು ಈ ಹೋರಾಟಕ್ಕೆ ಬೆಂಬಲವಾಗಿ ನಿಂತರು. ಕೊನೆಗೆ ಯೋಜನೆ ನಿಂತಿತು. ದೂರದ ಟಾಸ್ಮೇನಿಯಾ ದ್ವೀಪದಲ್ಲಿಯೂ ಇಂತಹದೇ ಕಥೆ. ಅಲ್ಲಿ 1972ರಲ್ಲಿ ಪೆಡ್ಡರ್ ಸರೋವರ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ಫ್ರಾಂಕ್ಲಿನ್ ನದಿ ಮಾತ್ರ 1983ರ ನ್ಯಾಯಾಲಯದ ತೀರ್ಪಿನಿಂದ ಉಳಿದುಕೊಂಡಿತು.

ಎಲ್ಲ ಕಡೆಯೂ ಕಾರಂತರಿಗೆ ಜಯ ದೊರೆಯಲಿಲ್ಲ. ಕಾಳಿ ನದಿಯ ದಡದ ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. ಅದು ತಲೆಯೆತ್ತಿಯೇ ನಿಂತಿತು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ವಿಷಯವನ್ನೇ ಮುಂದಿಟ್ಟು ಲೋಕಸಭಾ ಚುನಾವಣೆಗೆ ನಿಂತು ಸೋತರು. ಸೋಲು ಅವರ ಬಾಯಿ ಕಟ್ಟಲಿಲ್ಲ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನ ಹೊಂದಿದರು.

ನಮ್ಮ ಜಿಲ್ಲೆಯ ವಾರಾಹಿಯ ನೀರು ಹೊಸಂಗಡಿಯ ಭೂಗರ್ಭದ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿಸುತ್ತದೆ. ಇಂತಹ ಹೊಳೆಗಳಿಂದ ಬಂದ ಬೆಳಕಿನಲ್ಲಿ ಕುಳಿತೇ ನಾನು ಇದನ್ನು ಬರೆಯುತ್ತಿದ್ದೇನೆ. ಆದುದರಿಂದ ಅಣೆಕಟ್ಟುಗಳನ್ನು ಹಳಿಯುವುದು ನನಗೆ ಸುಲಭವಲ್ಲ. ಆದರೆ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ಈಚೆಗೆ ಮತ್ತೆ ಕೇಳಿಬರುತ್ತಿದೆ. ಕಾರಂತರಿಲ್ಲ, ಲಾಭವೆಷ್ಟು, ನಷ್ಟವೆಷ್ಟು, ನಷ್ಟ ಯಾರಿಗೆ ಎಂದು ಕೇಳುವ ಹೊಣೆ ಈಗ ಓದಿದವರಾದ ನಮ್ಮ ಮೇಲಿದೆ.