ಪಂಡಿತ ಪಂಚಾಕ್ಷರಿ ಗವಾಯಿಗಳ ಚರಿತ್ರೆ ಮತ್ತು ಕಣ್ಣು ಕಿವಿಗಳ ವಿಚಾರ

ಗದಗ-ಬೆಟಗೇರಿಯ ಸೀಮೆಯಲ್ಲಿ ಪಂಡಿತ ಪಂಚಾಕ್ಷರಿ ಗವಾಯಿಗಳ ಹೆಸರನ್ನು ಕೇಳದ ಮನೆಯು ವಿರಳ. ಹಿರೇಹಂದಿಗೋಳದಂಥ ಹಳ್ಳಿಗಳಿಂದ ಮಕ್ಕಳನ್ನು ಗದಗಿನ ಶಾಲೆಗಳಿಗೆ ಕಳುಹಿಸುವ ಪಾಲಕರಿಗಂತೂ ಅವರ ಆಶ್ರಮವು ಸುಪರಿಚಿತವಾದದ್ದೇ. ಆದರೆ ಅವರನ್ನು ಪವಾಡಪುರುಷರೆಂದು ಕೊಂಡಾಡಿ ಸುಮ್ಮನಾಗುವುದರಲ್ಲಿ ನಮಗೆ ತೃಪ್ತಿಯಿಲ್ಲ. ಕಣ್ಣಿಲ್ಲದವರು ಕಿವಿಯ ಮೂಲಕ ವಿದ್ಯೆಯನ್ನು ಸಂಪಾದಿಸಿದ ಬಗೆಯನ್ನು ವಿಚಾರಿಸಿದರೆ, ನಮ್ಮ ಮಕ್ಕಳ ಕಣ್ಣು ಕಿವಿಗಳ ಬೆಲೆಯೂ ತಿಳಿಯುವುದೆಂದು ಬಗೆದು ಈ ಚರಿತ್ರೆಯನ್ನು ಬರೆಯಲುದ್ಯುಕ್ತರಾಗಿದ್ದೇವೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ದಂಪತಿಗಳ ಉದರದಲ್ಲಿ ಸನ್ 1892ರಲ್ಲಿ ಇವರು ಜನಿಸಿದರು. ಮೊದಲಿನ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿಯಿಲ್ಲ, ಅಣ್ಣನಾದ ಗುರುಬಸವಯ್ಯನಿಗೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಶಿಶುಗಳು! ನೆರೆಹೊರೆಯವರು ಇಂಥ ತಾಯಿಯನ್ನು ಕುರಿತು ಪಾಪ ಶಾಪಗಳ ಮಾತನಾಡುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಕೇಳಿದ ಶಿಷ್ಯರ ಆ ಲೆಕ್ಕವನ್ನೇ ಯೇಸುಸ್ವಾಮಿಯು ತಳ್ಳಿಹಾಕಿದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು.

ಕಣ್ಣಿನ ರಚನೆಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಬೆಳಕು ಮುಂದಿನ ತಿಳಿಯಾದ ಪಾರಪಟಲವನ್ನು ದಾಟಿ, ಪಾಪೆಯ ರಂಧ್ರದಿಂದ ಒಳಹೊಕ್ಕು, ಮಸೂರದಿಂದ ಕೂಡಿಸಲ್ಪಟ್ಟು, ಹಿಂಬದಿಯ ಅಕ್ಷಿಪಟದ ಮೇಲೆ ತಲೆಕೆಳಗಾದ ಚಿತ್ರವಾಗಿ ಬೀಳುತ್ತದೆ. ನರವು ಅದರ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯುಂಟಾದರೂ ನೋಟವು ಕೆಡುವುದು. ಮಸೂರವು ಮಬ್ಬಾದರೆ ಪೊರೆ. ಅದು ಮುದುಕರಿಗೆ ಮಾತ್ರ ಬರುವುದೆಂಬುದು ತಪ್ಪು, ಹಸುಗೂಸಿಗೂ ಬರಬಹುದು. ಗರ್ಭಿಣಿಗೆ ತಗಲಿದ ರುಬೆಲ್ಲಾ ಎಂಬ ಸಣ್ಣ ಜ್ವರವು ಶಿಶುವಿನ ಕಣ್ಣು ಕಿವಿಗಳೆರಡನ್ನೂ ಕೆಡಿಸಬಲ್ಲದೆಂಬ ಸಂಗತಿಗೆ ದಾರಿ ತೋರಿಸಿದವನು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಅದು 1941ರಲ್ಲಿ. ಕರ್ನಾಟಕದಲ್ಲಿ ದಡಾರದ ಜೊತೆಗೆ ಇದಕ್ಕೂ ಲಸಿಕೆ ಹಾಕುವ ದೊಡ್ಡ ಅಭಿಯಾನವು 2017ರಲ್ಲಿ ನಡೆಯಿತು. ಎ ಜೀವಸತ್ವದ ಕೊರತೆಯಿಂದ ಮೊದಲು ಇರುಳುಗಣ್ಣು, ಆಮೇಲೆ ಪಾರಪಟಲಕ್ಕೆ ಹುಣ್ಣು. ಮನೆಯ ಹಿತ್ತಲಿನ ನುಗ್ಗೆಸೊಪ್ಪು ಇದಕ್ಕೆ ಒಳ್ಳೆಯ ತಡೆ. ಕೆಂಪಾದ ಕಣ್ಣಿಗೆ ಸೊಪ್ಪಿನ ರಸ ಹಿಂಡುವ ರೂಢಿಯನ್ನು ಮಾತ್ರ ದಯಮಾಡಿ ಬಿಡತಕ್ಕದ್ದು. ದೂರದ ಕಪ್ಪುಹಲಗೆ ಕಾಣದ ಹುಡುಗಿಗೆ, ವರಾನ್ವೇಷಣೆಗೆ ಅಡ್ಡಿಯಾದೀತೆಂದು ಚಾಳೀಸು ಕೊಡಿಸದ ತಂದೆಗಳನ್ನು ಏನೆನ್ನೋಣ!

ಬಾಲಕರಿಬ್ಬರಿಗೂ ಇಂಪಾದ ಕಂಠವಿತ್ತು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಇವರ ಹಾಡನ್ನು ಕೇಳಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅಂಧರಿಗೆ ಭಿಕ್ಷೆಯನ್ನು ನೀಡುವವರು ಬಹಳ. ವಿದ್ಯೆಯನ್ನು ಕೊಡಿಸಿದವರು ಅಪರೂಪ. ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತನು. ಪಂಚಾಕ್ಷರಿ ಗವಾಯಿಗಳೆಂದು ಹೆಸರಾದನು. ಹಿಂದುಸ್ತಾನಿ ಪದ್ಧತಿಯನ್ನು ಮಿರಜಿನ ನೀಲಕಂಠಬುವಾ ಅವರಲ್ಲಿಯೂ, ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಲ್ಲಿಯೂ ಅಭ್ಯಾಸಮಾಡಿದರು.

ಈ ಖಾನಸಾಹೇಬರಿಗೆ ಕಿವಿ ಮಂದವಾಗಿತ್ತು. ಆದಕಾರಣ ಅವರನ್ನು ಬಹರೇ ವಹೀದ್ ಖಾನ, ಅಂದರೆ ಕಿವುಡ ವಹೀದ್ ಖಾನ, ಎಂದು ಕರೆಯುತ್ತಿದ್ದರು. ಕಿವಿ ಮಂದವಾದ ಗುರು, ಕಣ್ಣಿಲ್ಲದ ಶಿಷ್ಯ. ಇವರಿಬ್ಬರ ನಡುವೆ ಒಂದೊಂದು ಸ್ವರವನ್ನೂ ತೂಗಿ ನೋಡುವ ರಾಗವಿದ್ಯೆ! ಇದನ್ನು ನೆನೆದಾಗಲೆಲ್ಲ ನಮಗೆ ವಿಸ್ಮಯವಾಗುವುದು.

ಕಣ್ಣು ಹೋದವರಿಗೆ ಕಿವಿಯು ತಾನಾಗಿಯೇ ಚುರುಕಾಗುವುದೆಂದು ಜನರು ನಂಬುತ್ತಾರೆ. ಕಿವಿಯ ಅಂಗವು ಎಲ್ಲರಲ್ಲಿಯೂ ಒಂದೇ. ಶಬ್ದದ ಅಲೆಯು ತಮಟೆಯನ್ನು ನಡುಗಿಸುತ್ತದೆ. ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಕಿರುಮೂಳೆಗಳು ಆ ನಡುಕವನ್ನು ಒಳಗಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯ ದ್ರವದಲ್ಲಿ ತೆರೆಯೆದ್ದು, ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮಕೋಶಗಳು ಎಚ್ಚತ್ತು ನರಕ್ಕೆ ತಿಳಿಸುತ್ತವೆ. ಸುರುಳಿಯ ಬುಡದಲ್ಲಿ ತಾರಸ್ವರ, ತುದಿಯಲ್ಲಿ ಮಂದ್ರಸ್ವರ. ಎಳೆತನದಲ್ಲಿಯೇ ಕಣ್ಣಿಲ್ಲದವರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವು ಕೇಳುವ ಕೆಲಸಕ್ಕೂ ಒದಗುವುದೆಂದು ಈಗಿನ ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆದರೂ ಸಾಧನೆಯಿಲ್ಲದೆ ಯಾರೂ ಗವಾಯಿಗಳಾಗರು. ಇನ್ನು ಆ ಕೂದಲೆಳೆಯ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮರಳಿ ಹುಟ್ಟವು. ಜಾತ್ರೆಯ ಧ್ವನಿವರ್ಧಕದ ಬಾಯಿಗೆ ಮಗುವನ್ನು ನಿಲ್ಲಿಸುವವರು ಇದನ್ನು ಅರಿತಿರಬೇಕು.

ಮಕ್ಕಳ ಕಿವಿ ಸೋರುವುದನ್ನೂ ನಮ್ಮಲ್ಲಿ ಅಲಕ್ಷ್ಯಮಾಡುವುದುಂಟು. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ನಾಳವಿದೆ. ನೆಗಡಿಯ ಸೋಂಕು ಅಲ್ಲಿಂದ ಏರಿ, ಕೀವು ತುಂಬಿ, ತಮಟೆಯನ್ನು ತೂತುಮಾಡುತ್ತದೆ. ಅದಕ್ಕೆ ಕಾಸಿದ ಎಣ್ಣೆ ಹೊಯ್ಯುವುದು, ಕೂದಲಿನ ಪಿನ್ನಿನಿಂದ ಕೆದಕುವುದು ಇವೆರಡೂ ಅಪಾಯಕರ. ಹುಟ್ಟಿನಿಂದ ಕೇಳದ ಕೂಸು ಮಾತನ್ನೂ ಕಲಿಯಲಾರದೆ ಮೂಕವೆನಿಸಿಕೊಳ್ಳುತ್ತದೆ. ಬೇಗನೆ ಪರೀಕ್ಷಿಸಿ ಯಂತ್ರವನ್ನೋ ಸನ್ನೆಭಾಷೆಯನ್ನೋ ಒದಗಿಸಿದರೆ ಹಾಗಾಗದು. ಗವಾಯಿಗಳು ಸಂಗೀತ ಕಲಿತ ಮೈಸೂರಿನಲ್ಲಿಯೇ 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಹುಟ್ಟಿತು.

ಕಲಿತ ವಿದ್ಯೆಯಿಂದ ಅರಮನೆಗಳಲ್ಲಿ ಸುಖವಾಗಿರಬಹುದಾಗಿದ್ದ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಅಲೆಯುತ್ತ ಸಂಗೀತ ಶಾಲೆಯನ್ನು ನಡೆಯಿಸಿದರು. ಜೋಳಿಗೆಯ ಅನ್ನ, ಕೆಲವು ಕಾಲ ನಾಟಕ ಮಂಡಳಿಯ ಆದಾಯ. ಕೊನೆಗೆ ಅದು ಗದಗಿನಲ್ಲಿ ನೆಲೆಗೊಂಡು ವೀರೇಶ್ವರ ಪುಣ್ಯಾಶ್ರಮವಾಯಿತು. 1936ರಲ್ಲಿ ಹಂಪೆಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಶಿಷ್ಯನಾದ ಬಸವರಾಜ ರಾಜಗುರುವಿನ ಮೊದಲ ದೊಡ್ಡ ಕಛೇರಿಗೆ ಸ್ವತಃ ಗುರುಗಳೇ ತಬಲಾ ನುಡಿಸಿದರು.

ಸನ್ 1944ರ ಜೂನ್ ತಿಂಗಳಲ್ಲಿ ಗವಾಯಿಗಳು ದೇಹವಿಟ್ಟರು. ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಅವರೂ ಹಾನಗಲ್ಲ ತಾಲೂಕಿನವರೇ, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡವರು. ಅವರು 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ, ಅರುವತ್ತಾರು ವರ್ಷಗಳ ಕಾಲ, ಆ ಅಂಗಳದಲ್ಲಿ ಮಕ್ಕಳ ಸರಿಗಮವನ್ನು ಕೇಳಿ ತಿದ್ದುತ್ತಿದ್ದರು.