ವರ್ನರ್ ಸೀಮೆನ್ಸ್

ಮಳೆಗಾಲದಲ್ಲಿ ಒದ್ದೆಗೈಯಿಂದ ವಿದ್ಯುತ್ ಗುಂಡಿಯನ್ನು ಮುಟ್ಟಬಾರದೆಂದು ಹಿರಿಯರು ಗದರುವುದನ್ನು ನಾವೆಲ್ಲರೂ ಕೇಳಿದ್ದೇವೆ. ತಂತಿಯೊಳಗಣ ವಿದ್ಯುತ್ತು ತೇವದ ದಾರಿ ಸಿಕ್ಕಿದೊಡನೆ ಅತ್ತ ಹರಿದುಹೋಗುತ್ತದೆ. ಹೀಗಿರಲು ಹಸಿಮಣ್ಣಿನಲ್ಲಿಯೂ ಕಡಲಿನ ತಳದಲ್ಲಿಯೂ ತಂತಿಯನ್ನು ಹಾಯಿಸುವುದೆಂತು? ಈ ಪ್ರಶ್ನೆಗಾಗಿ ಹೆಣಗಿದವರಲ್ಲಿ ವರ್ನರ್ ಸೀಮೆನ್ಸ್ ಪ್ರಮುಖನು.

ಇವನು 1816ರ ಡಿಸೆಂಬರ್ 13ರಂದು ಜರ್ಮನಿಯ ಹಾನೋವರ್ ನಗರದ ಸಮೀಪದ ಲೆಂಥೆ ಎಂಬಲ್ಲಿ ಜನಿಸಿದನು. ತಂದೆ ಗೇಣಿಯ ಬೇಸಾಯಗಾರ; ಮನೆತುಂಬ ಮಕ್ಕಳು. ಹಣವಿಲ್ಲದ್ದರಿಂದ ವರ್ನರ್ ಪ್ರಷ್ಯದ ಫಿರಂಗಿದಳವನ್ನು ಸೇರಿ, ಅದರ ಶಾಲೆಯಲ್ಲಿಯೇ ವಿಜ್ಞಾನವನ್ನು ಕಲಿತನು. ಇಪ್ಪತ್ತಮೂರನೆಯ ವಯಸ್ಸಿಗೆ ತಾಯ್ತಂದೆಗಳಿಬ್ಬರನ್ನೂ ಕಳೆದುಕೊಂಡು, ತಮ್ಮಂದಿರ ಹೊಣೆಯನ್ನು ಹೊತ್ತನು. ದ್ವಂದ್ವಯುದ್ಧವೊಂದರಲ್ಲಿ ಸಹಾಯಕನಾದ ತಪ್ಪಿಗೆ ಸೆರೆಮನೆಗೆ ಹೋದಾಗ, ಅಲ್ಲಿಯೂ ಚಿನ್ನದ ಲೇಪದ ಪ್ರಯೋಗಗಳನ್ನು ನಡೆಸಿದನು. ಬಿಡುಗಡೆಯ ಆಜ್ಞೆ ಬಂದಾಗ ಅವನಿಗೆ ಬೇಸರವೇ ಆಯಿತಂತೆ!

ಆ ಕಾಲದಲ್ಲಿ ಮಲಯದ ಕಾಡುಗಳಿಂದ ಗಟ್ಟಾಪರ್ಚಾ ಎಂಬ ಮರದ ಅಂಟು ಯೂರೋಪಿಗೆ ಬರತೊಡಗಿತ್ತು. ಲಂಡನ್ನಿನಲ್ಲಿದ್ದ ತಮ್ಮ ವಿಲ್ಹೆಲ್ಮನು ಅದರ ತುಣುಕನ್ನು ಅಣ್ಣನಿಗೆ ಕಳುಹಿಸಿದನು. ಬಿಸಿನೀರಿನಲ್ಲಿ ಮೆತ್ತಗಾಗಿ ತಣಿದಾಗ ಗಟ್ಟಿಯಾಗುವ ಈ ವಸ್ತು ವಿದ್ಯುತ್ತನ್ನು ಹೊರಗೆ ಬಿಡದು, ನೀರನ್ನು ಒಳಗೆ ಬಿಡದು. ಆದರೆ ಹಾಳೆಮಾಡಿ ತಂತಿಗೆ ಸುತ್ತಿದರೆ ಅಂಚುಗಳ ನಡುವಣ ಸಂದು ಕ್ರಮೇಣ ಬಾಯಿಬಿಡುತ್ತಿತ್ತು. ನೀರಿಗೆ ಅಷ್ಟೇ ಸಾಕು. (ಹಡಗುಗಳ ವಿದ್ಯುತ್ ಜೋಡಣೆಗಳಲ್ಲಿ ಇಂದು ರಬ್ಬರಿನ ಬಳೆಯನ್ನು ಬಿಗಿದು ಕಾಯುವುದೂ ಇಂತಹ ಸಂದನ್ನೇ.) 1847ರಲ್ಲಿ ವರ್ನರನು ಒಂದು ಒತ್ತುಯಂತ್ರವನ್ನು ಯೋಚಿಸಿದನು. ಮನೆಯಲ್ಲಿ ಶಾವಿಗೆ ಒತ್ತುವುದನ್ನು ನಾವು ನೋಡಿಲ್ಲವೆ? ಹಾಗೆಯೇ ಬಿಸಿ ಅಂಟನ್ನು ತಂತಿಯ ಸುತ್ತ ಒತ್ತಿದರೆ ಸಂದೇ ಇಲ್ಲದ ಹೊದಿಕೆ! ಕುಶಲಿಯಾದ ಹಾಲ್ಸ್ಕೆ ಯಂತ್ರವನ್ನು ನಿರ್ಮಿಸಿದನು. ಅದೇ ಅಕ್ಟೋಬರಿನಲ್ಲಿ ಇಬ್ಬರೂ ಬರ್ಲಿನ್ನಿನಲ್ಲಿ ಕಾರ್ಖಾನೆಯನ್ನು ತೆರೆದರು.

ಬರ್ಲಿನ್ನಿನಿಂದ ಫ್ರಾಂಕ್‌ಫರ್ಟಿಗೆ ಬಹುದೂರ ನೆಲದೊಳಗೆ ಹಾಯಿಸಿದ ತಂತಿಯು 1849ರಲ್ಲಿ ಅರಸನ ಚುನಾವಣೆಯ ವಾರ್ತೆಯನ್ನು ಒಂದು ಗಂಟೆಯೊಳಗೆ ತಲುಪಿಸಿತು. ಎಲ್ಲೆಡೆ ಹೊಗಳಿಕೆ. ಎರಡು ವರ್ಷ ಕಳೆಯುವುದರೊಳಗೆ ನೆಲದೊಳಗಣ ತಂತಿಗಳು ಒಂದೊಂದಾಗಿ ಮೂಕವಾದುವು. ತಂತಿಗೆ ಕಬ್ಬಿಣದ ಕವಚವಿರಲಿಲ್ಲ, ಕಂದಕ ಆಳವಾಗಿರಲಿಲ್ಲ, ಇಲಿಗಳು ಹೊದಿಕೆಯನ್ನು ಕಡಿದುವು. ಇವು ಹೊರಗಿನ ವೈರಿಗಳಾದುವು. ಒಳಗೂ ಒಂದು ವೈರಿಯಿತ್ತು. ಹೊದಿಕೆ ಗಟ್ಟಿಯಾಗಲೆಂದು ಬೆರೆಸಿದ್ದ ಗಂಧಕವು ತಾಮ್ರದೊಡನೆ ಕೂಡಿ ಹೊದಿಕೆಯ ಗುಣವನ್ನೇ ಕೆಡಿಸಿತ್ತು. ವರ್ನರನು 1851ರಲ್ಲಿ ಈ ಸೋಲಿನ ಕಾರಣಗಳನ್ನು ಅಚ್ಚುಹಾಕಿಸಿದನು. ಅಧಿಕಾರಿಗಳು ಸಿಟ್ಟಾಗಿ ಅವನಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಅವನು ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತೇನೋ; ತಂತಿಗಳು ಮಾತ್ರ ಕೆಡುತ್ತಲೇ ಇರುತ್ತಿದ್ದುವು ಎಂಬುದು ನಮ್ಮ ಎಣಿಕೆ.

ಸ್ವದೇಶದಲ್ಲಿ ಬಾಗಿಲು ಮುಚ್ಚಿದಾಗ ರಷ್ಯ ದೇಶವು ಕರೆಯಿತು. 1853ರಲ್ಲಿ ಪೀಟರ್ಸ್‌ಬರ್ಗಿನಿಂದ ಕ್ರಾನ್‌ಸ್ಟಾಟ್ ದ್ವೀಪಕ್ಕೆ ಕಡಲಡಿಯ ತಂತಿಯನ್ನು ಹಾಯಿಸಿದನು; ಈ ಸಲ ಗಟ್ಟಾಪರ್ಚಾದ ಮೇಲೆ ಕಬ್ಬಿಣದ ಕವಚವಿತ್ತು. ಮುಂದೆ ಡೈನಮೋ ಯಂತ್ರದಿಂದ ಅವನ ಹೆಸರು ಲೋಕಪ್ರಸಿದ್ಧವಾಯಿತು. ಅದೇ ಒಂದು ದೊಡ್ಡ ಕಥೆ.

1870ರ ಏಪ್ರಿಲಿನಲ್ಲಿ, ಸೀಮೆನ್ಸ್ ಸಹೋದರರು ಟೆಹರಾನಿನವರೆಗೆ ಕಟ್ಟಿದ ಮಾರ್ಗದ ಮೂಲಕ ಲಂಡನ್ನಿನ ಸಂದೇಶವೊಂದು 28 ನಿಮಿಷಗಳಲ್ಲಿ ನಮ್ಮ ಕಲ್ಕತ್ತೆಯನ್ನು ಮುಟ್ಟಿತು. ವರ್ನರನು 1892ರ ಡಿಸೆಂಬರ್ 6ರಂದು ತೀರಿಕೊಂಡನು. ಆ ಮಾರ್ಗವು 1931ರವರೆಗೂ ದುಡಿಯಿತು.