ಹಿತ್ತಲ ಗಿಡವೂ ಮದ್ದೇ: ಲಾಯ್ಡ್ ಪರ್ಸಿವಲ್



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವು ಕನ್ನಡ ತರಗತಿಯಲ್ಲಿ ಕಲಿತಿದ್ದೀರಿ. ಹತ್ತಿರವೇ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ಅರ್ಥ. ನಾವಿರುವ ಟೊರಾಂಟೊ ನಗರದಲ್ಲೇ ಇದಕ್ಕೊಂದು ಉದಾಹರಣೆ ಇದೆ. ಅದು ಕ್ರೀಡಾ ತರಬೇತುದಾರ ಲಾಯ್ಡ್ ಪರ್ಸಿವಲ್ ಅವರ ಜೀವನ.

ಪರ್ಸಿವಲ್ ಅವರು 1913ರಲ್ಲಿ ಟೊರಾಂಟೊದಲ್ಲಿ ಜನಿಸಿದರು. ಐಸ್ ಹಾಕಿ ಮಾತ್ರವಲ್ಲ, ನಮ್ಮ ಮನೆಗಳ ಪ್ರೀತಿಯ ಕ್ರಿಕೆಟ್ಟನ್ನೂ ಆಡಿದವರು. ಆಡುತ್ತಾ ಇದ್ದರೆ ಸಾಕು, ದೇಹ ತಾನಾಗಿಯೇ ಗಟ್ಟಿಯಾಗುತ್ತದೆ ಎಂದು ಅಂದಿನ ಹಲವರು ನಂಬಿದ್ದರು. ಪರ್ಸಿವಲ್ ಹಾಗೆ ನಂಬಲಿಲ್ಲ. ಆಹಾರ, ವ್ಯಾಯಾಮ, ವಿಶ್ರಾಂತಿ ಎಲ್ಲಕ್ಕೂ ಲೆಕ್ಕ ಇರಬೇಕು ಎಂದು ಅವರ ಅಭಿಪ್ರಾಯ.

1940ರ ದಶಕದಲ್ಲಿ ಅವರು ಸಿಬಿಸಿ ರೇಡಿಯೋದಲ್ಲಿ ಸ್ಪೋರ್ಟ್ಸ್ ಕಾಲೇಜ್ ಎಂಬ ಕಾರ್ಯಕ್ರಮ ನಡೆಸಿದರು. ಅದು ಕಟ್ಟಡವಿಲ್ಲದ ಕಾಲೇಜು! ಸದಸ್ಯರಾದ ಮಕ್ಕಳಿಗೆ ಪಾಠದ ಪುಸ್ತಿಕೆಗಳು ಅಂಚೆಯಲ್ಲಿ ಬರುತ್ತಿದ್ದವು.

1951ರಲ್ಲಿ ಅವರ ದಿ ಹಾಕಿ ಹ್ಯಾಂಡ್‌ಬುಕ್ ಪ್ರಕಟವಾಯಿತು. ಇಲ್ಲಿನ ವೃತ್ತಿಪರ ಹಾಕಿಯ ಕೆಲವು ದೊಡ್ಡವರು ಅದನ್ನು ಹಗುರವಾಗಿ ಕಂಡರು. ಆದರೆ ದೂರದ ಸೋವಿಯತ್ ದೇಶದಲ್ಲಿ ತರಬೇತುದಾರ ಅನಾತೋಲಿ ತರಾಸೊವ್ ಅದೇ ಪುಸ್ತಕವನ್ನು ಶ್ರದ್ಧೆಯಿಂದ ಓದಿ ಕಲಿತರು.

1963ರಲ್ಲಿ ಪರ್ಸಿವಲ್ ಟೊರಾಂಟೊದಲ್ಲಿ ಫಿಟ್‌ನೆಸ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಮೊದಲು ಪರೀಕ್ಷೆ, ನಂತರ ಅವರವರ ದೇಹಕ್ಕೆ ತಕ್ಕ ವ್ಯಾಯಾಮ ಎಂಬುದು ಅಲ್ಲಿನ ಕ್ರಮ. ಆಟಗಾರರಿಗಷ್ಟೇ ಅಲ್ಲ, ಕಚೇರಿಗೆ ಹೋಗುವ ಸಾಮಾನ್ಯರಿಗೂ ಅದು ತೆರೆದಿತ್ತು.

1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಸೋವಿಯತ್ ತಂಡ ಕೆನಡಾವನ್ನು 7-3ರಿಂದ ಸೋಲಿಸಿತು. ವರ್ಷವಿಡೀ ತಯಾರಾಗಿದ್ದ ಅವರ ದೇಹದಾರ್ಢ್ಯ ಕಂಡು ದೇಶವೇ ಬೆರಗಾಯಿತು. ಕೊನೆಗೆ ಎಂಟು ಪಂದ್ಯಗಳ ಸರಣಿಯನ್ನು ಕೆನಡಾ ಕಷ್ಟಪಟ್ಟು ಗೆದ್ದಿತು. ಪರ್ಸಿವಲ್ ಇಷ್ಟು ವರ್ಷ ಹೇಳುತ್ತಾ ಬಂದದ್ದು ಆಗ ಎಲ್ಲರಿಗೂ ಅರ್ಥವಾಯಿತು. ಎರಡೇ ವರ್ಷಗಳಲ್ಲಿ, 1974ರಲ್ಲಿ, ಅವರು ತೀರಿಕೊಂಡರು.

ಈ ವಿದ್ಯೆಯನ್ನು ಇಂದು ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಯಾರ್ಕ್ ವಿಶ್ವವಿದ್ಯಾಲಯಗಳಲ್ಲಿ ಕಿನೀಸಿಯಾಲಜಿ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ನಿಂತಲ್ಲೇ ತುಳಿಯುವ ಸೈಕಲ್ಲಿನ ಬಿಗಿಯನ್ನು ಹೆಚ್ಚಿಸುತ್ತಾ ಹೋದಂತೆ ನಾಡಿ ಎಷ್ಟು ಏರುತ್ತದೆ, ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತದೆ, ನಿಲ್ಲಿಸಿದ ಮೇಲೆ ನಾಡಿ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯುತ್ತಾರೆ. ಅಭ್ಯಾಸವಾದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ಕಳಿಸುತ್ತದೆ. ಆದ್ದರಿಂದ ವಿಶ್ರಾಂತಿಯಲ್ಲಿ ಅದರ ಬಡಿತ ನಿಧಾನ. ಇಲ್ಲಿ ಪಕ್ಕದವನ ಅಂಕ ಮುಖ್ಯವಲ್ಲ. ನಿನ್ನೆಯ ನಮಗಿಂತ ಇಂದಿನ ನಾವು ಹೇಗಿದ್ದೇವೆ ಎಂಬುದೇ ಮುಖ್ಯ.

ಪೋಷಕರಿಗೂ ಒಂದು ಮಾತು. ಮಗಳು ಕಿನೀಸಿಯಾಲಜಿ ಓದುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಮೌನ ಆವರಿಸುತ್ತದೆ. ಡಾಕ್ಟರ್ ಅಥವಾ ಇಂಜಿನಿಯರ್ ಆಗಬಾರದೇ ಎನ್ನುತ್ತೇವೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳು ದಕ್ಷಿಣ ಏಷ್ಯಾದ ನಮ್ಮಂಥವರನ್ನು ಹೆಚ್ಚಾಗಿ ಕಾಡುತ್ತವೆ. ಕಾಯಿಲೆ ಬರುವ ಮೊದಲೇ ದೇಹವನ್ನು ಅರಿತು ಕಾಪಾಡುವವರು ನಮಗೆ ಬೇಡವೇ?

ಮಕ್ಕಳೇ, ಈ ಚಳಿಗಾಲದಲ್ಲಿ ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಅಮ್ಮನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಅವರೊಂದಿಗೆ ದಿನವೂ ನಡೆಯಿರಿ. ಯುಗಾದಿಯ ಹೊತ್ತಿಗೆ ಮತ್ತೆ ಎಣಿಸಿ ನೋಡಿ. ನಮ್ಮ ಹಿತ್ತಲಲ್ಲೂ ಮದ್ದಿದೆ.